ಕಮ್ಮಿ ಖರ್ಚಿನ ಇಂಜಿನ್ ಪಂಡಿತ

ಕಮ್ಮಿ ಖರ್ಚಿನ ಇಂಜಿನ್ ಪಂಡಿತ ಚಿತ್ರದುರ್ಗ ಜಿಲ್ಲೆಯ ಹೋಬಳಿ ಊರುಗಳಲ್ಲೆಲ್ಲ ಕಾಣಸಿಗುವ ಪ್ರಾಣಿ. ಹೊಸದುರ್ಗ ತಾಲ್ಲೂಕಿನ ಮಾಡದಕೆರೆಯಲ್ಲಿ ಇವನ ಒಂದು ಪಕ್ವ ಮಾದರಿ ಇದ್ದು, ಮುಂದಿನ ವಿವರಣೆ ಬಹುಮಟ್ಟಿಗೆ ಅದನ್ನೇ ಆಧರಿಸಿದೆ. ವಯಸ್ಸು ಐವತ್ತರ ಆಸುಪಾಸು. ತೆಂಗಿನ ತೋಟ ಉಂಟು, ಅದರಲ್ಲಿ ಮುಗಿಯದ ಕೆಲಸವೂ ಉಂಟು. ಆದರೂ ದಿನದ ಒಳ್ಳೆಯ ಹೊತ್ತೆಲ್ಲ ಕಳೆಯುವುದು ಮನೆಮುಂದಿನ ಗೋಣಿಚೀಲದ ಮೇಲೆ ಬಿಚ್ಚಿ ಹರಡಿದ ಹಳೇ ಬುಲೆಟ್ ಇಂಜಿನ್ನಿನ ಎದುರು. ಇವನನ್ನು ಮೆಕ್ಯಾನಿಕ್ ಎನ್ನುವಂತಿಲ್ಲ, ಅಂದರೆ ಸಿಟ್ಟು ಬರುತ್ತದೆ. ಮೆಕ್ಯಾನಿಕ್ ದುಡ್ಡಿಗಾಗಿ ಕೆಲಸ ಮಾಡುವವನು. ಇವನು ದುಡ್ಡು ಉಳಿಸುವುದಕ್ಕಾಗಿ ಮಾಡುವವನು.

ಇವನು ಬುಲೆಟ್ಟನ್ನೇ ಹಿಡಿದದ್ದಕ್ಕೆ ಕಾರಣವಿದೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕುವವರೆಗೆ ತಯಾರಿಸಿದ ಯೆಜ್ದಿಯೂ ಒಳ್ಳೆಯ ಗಾಡಿಯೇ. ಆದರೆ ಅದು ಟೂ ಸ್ಟ್ರೋಕ್. ಅದರಲ್ಲಿ ಕ್ಯಾಮೂ ಇಲ್ಲ, ವಾಲ್ವೂ ಇಲ್ಲ, ಹೀಗಾಗಿ ಮಾತಾಡಲು ಸಾಮಗ್ರಿ ಸಾಲದು. 1955ರಿಂದ ಮದ್ರಾಸಿನಲ್ಲಿ ತಯಾರಾದ ಬುಲೆಟ್ 350 ಹಾಗಲ್ಲ. 70 ಮಿಲಿಮೀಟರ್ ಬೋರು, 90 ಮಿಲಿಮೀಟರ್ ಸ್ಟ್ರೋಕು, 346 ಸಿಸಿ; ಒಂದು ಜೀವಮಾನಕ್ಕಾಗುವಷ್ಟು ಚರ್ಚೆ ಅದರೊಳಗಿದೆ. ಇವನ ಇಂಜಿನ್ ಒಮ್ಮೆ ಬಿಚ್ಚಿದರೆ ಮತ್ತೆ ಯಾವಾಗ ಕೂಡುತ್ತದೆಂದು ಕೇಳಬಾರದು. 1933ರಲ್ಲಿ ಕೋಡಿ ಬಿದ್ದ ಇದೇ ಜಿಲ್ಲೆಯ ಮಾರಿಕಣಿವೆ ಜಲಾಶಯ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಆ ಸೀಮೆಯ ಜನಕ್ಕೆ ಕಾಯುವುದು ಅಭ್ಯಾಸವಾಗಿದೆ.

ಪಂಡಿತನ ಮೊದಲ ಮೋಹ ಕ್ಯಾಮ್. ಬುಲೆಟ್ಟಿನಲ್ಲಿ ಉದ್ದನೆಯ ಕ್ಯಾಮ್‌ಶಾಫ್ಟ್ ಇರುವುದಿಲ್ಲ. ಟೈಮಿಂಗ್ ಕವರಿನೊಳಗೆ ಎರಡು ಹಲ್ಲುಚಕ್ರಗಳಿದ್ದು, ಒಂದರ ಉಬ್ಬು ಇನ್ಲೆಟ್ ವಾಲ್ವನ್ನೂ ಇನ್ನೊಂದರ ಉಬ್ಬು ಎಕ್ಸಾಸ್ಟ್ ವಾಲ್ವನ್ನೂ ಪುಶ್‌ರಾಡಿನ ಮೂಲಕ ತೆರೆಯುತ್ತದೆ. ಕ್ರ್ಯಾಂಕ್ ಎರಡು ಸುತ್ತು ಬಂದಾಗ ಕ್ಯಾಮ್ ಒಂದು ಸುತ್ತು. ಉಬ್ಬು ವಾಲ್ವನ್ನು ಎಷ್ಟು ಎತ್ತುತ್ತದೆ, ಎಷ್ಟು ಹೊತ್ತು ತೆರೆದಿಡುತ್ತದೆ ಎನ್ನುವುದರ ಮೇಲೆ ಇಂಜಿನ್ನಿನ ಗುಣ ನಿಂತಿದೆ. ಹೆಚ್ಚು ಹೊತ್ತು ತೆರೆದಿಡುವ ಕ್ಯಾಮ್ ಹಾಕಿದರೆ ಜೋರು ಓಟದಲ್ಲಿ ಶಕ್ತಿ ಬರುತ್ತದೆ, ನಿಧಾನದ ಓಟದಲ್ಲಿ ಹೋಗುತ್ತದೆ. ಮಾಡದಕೆರೆಯ ಸುತ್ತಿನ ತೋಟದ ದಾರಿಗಳಲ್ಲಿ, ಹಿಂದೆ ಒಂದು ಚೀಲ ತೆಂಗಿನಕಾಯಿ ಕಟ್ಟಿಕೊಂಡು ಎರಡನೇ ಗೇರಿನಲ್ಲಿ ಹೋಗುವವನಿಗೆ ಬೇಕಾದದ್ದು ನಿಧಾನದ ಓಟದ ಶಕ್ತಿ. ಇದು ಪಂಡಿತನಿಗೆ ಚೆನ್ನಾಗಿ ಗೊತ್ತು. ಬೇರೆಯವರಿಗೆ ಇದನ್ನು ಮೊದಲು ಹೇಳಿಕೊಡುವವನೂ ಅವನೇ. ಆಮೇಲೆ ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋಗಿ, ಅಂಗಡಿಯಿಂದ ಅಂಗಡಿಗೆ ಚೌಕಾಸಿ ಮಾಡಿ, ರೇಸಿನದ್ದೆಂದು ಹೇಳಲಾದ ಒಂದು ಜೊತೆ ಕ್ಯಾಮನ್ನು ಪೇಪರಿನಲ್ಲಿ ಸುತ್ತಿಸಿಕೊಂಡು ಬರುತ್ತಾನೆ.

ಸ್ಪ್ರಿಂಗಿನ ವಿಷಯಕ್ಕೆ ಬಂದಾಗ ಉಳಿತಾಯ ಶುರುವಾಗುತ್ತದೆ. ಪ್ರತಿ ವಾಲ್ವಿಗೆ ಹೊರಗೊಂದು, ಒಳಗೊಂದು, ಒಟ್ಟು ನಾಲ್ಕು ಸ್ಪ್ರಿಂಗ್. ಕ್ಯಾಮ್ ಎತ್ತಿದ ವಾಲ್ವನ್ನು ಮರಳಿ ಸೀಟಿಗೆ ಕೂರಿಸುವುದು ಇವುಗಳ ಕೆಲಸ. ಸ್ಪ್ರಿಂಗ್ ಸೋತಿದ್ದರೆ ಜೋರು ಓಟದಲ್ಲಿ ವಾಲ್ವ್ ಕ್ಯಾಮಿನ ಲಯ ತಪ್ಪಿ ತೇಲಾಡುತ್ತದೆ. ವಿಪರೀತ ಗಡುಸಾಗಿದ್ದರೆ ಕ್ಯಾಮಿನ ಮೂಗು, ಅದರ ಮೇಲೆ ಆಡುವ ಟ್ಯಾಪೆಟ್ಟಿನ ತಳ ಎರಡೂ ಸವೆಯುತ್ತವೆ. ಎತ್ತರದ ಕ್ಯಾಮಿಗೆ ಹಳೇ ಸ್ಪ್ರಿಂಗ್ ಹಾಕಿದರೆ ಸುರುಳಿಗೆ ಸುರುಳಿ ತಾಗಿ ಪುಶ್‌ರಾಡ್ ಬಾಗುವುದೂ ಉಂಟು. ಆದ್ದರಿಂದ ಯಾವ ಕ್ಯಾಮಿಗೆ ಯಾವ ಸ್ಪ್ರಿಂಗ್ ಎನ್ನುವುದನ್ನು ಒಟ್ಟಿಗೇ ತೀರ್ಮಾನಿಸಬೇಕು. ಕ್ಯಾಮಿಗೆ ಅಷ್ಟು ಸುರಿದವನು ಸ್ಪ್ರಿಂಗಿನ ಹತ್ತಿರ ಬಂದು, "ಇವಕ್ಕೇನಾಗೈತೆ, ಕಬ್ಬಿಣ ಅಲ್ವಾ?" ಎನ್ನುತ್ತಾನೆ.

ಹಾಗೆಂದು ಪರೀಕ್ಷೆ ಮಾಡದೆ ಬಿಡುವವನಲ್ಲ. ಹಳೆಯದು, ಹೊಸದು ಎರಡು ಸ್ಪ್ರಿಂಗನ್ನು ನಡುವೆ ವಾಷರ್ ಇಟ್ಟು ಸಾಲಾಗಿ ವೈಸಿನಲ್ಲಿ ಹಿಡಿದು ಬಿಗಿಸಿದರೆ, ಹೆಚ್ಚು ಕುಗ್ಗಿದ್ದು ಸೋತದ್ದು. ಈ ಸರಳ ವಿಧಾನಕ್ಕೆ ಒಂದು ಹೊಸ ಸ್ಪ್ರಿಂಗ್ ಕೊಳ್ಳಬೇಕಾಗುವುದರಿಂದ ಪಂಡಿತ ಅದನ್ನು ತಿರಸ್ಕರಿಸಿದ್ದಾನೆ. ಅವನದು ಎರಡನೇ ವಿಧಾನ: ತಕ್ಕಡಿಯ ಮೇಲೆ ಸ್ಪ್ರಿಂಗ್ ನಿಲ್ಲಿಸಿ, ಡ್ರಿಲ್ಲಿಂಗ್ ಮೆಷಿನ್ನಿನ ತಲೆಯಿಂದ ಒತ್ತಿ, ಕೂರುವ ಎತ್ತರಕ್ಕೆ ಬಂದಾಗ ಎಷ್ಟು ಕೆಜಿ ತೋರುತ್ತದೆಂದು ಓದುವುದು. ಡ್ರಿಲ್ಲಿಗೆ ಕೊರತೆಯಿಲ್ಲ. 1997ರವರೆಗೆ ಚಿತ್ರದುರ್ಗ ಜಿಲ್ಲೆಯಲ್ಲೇ ಇದ್ದ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ದಶಕಗಟ್ಟಲೆ ಲೇತುಗಳನ್ನು ತಯಾರಿಸಿತು, ಈ ಸೀಮೆಯ ಜನಕ್ಕೆ ಲೇತ್ ಅಂಗಡಿಯೂ ಅದರೊಳಗಿನ ಡ್ರಿಲ್ಲೂ ಹೊಸದಲ್ಲ. ತಕ್ಕಡಿ ಮಾತ್ರ ಪಕ್ಕದ ಮನೆಯದು. ಆ ಮನೆಯವನೇ ಈ ವಿವರಣೆಯ ಲೇಖಕ ಎನ್ನುವುದು ಇಲ್ಲಿ ಅಪ್ರಸ್ತುತ. ಅಂದಿನಿಂದ ಆ ತಕ್ಕಡಿಯಲ್ಲಿ ತೂಗಿದ ಅಡಿಕೆ ಮಂಡಿಯ ತೂಕಕ್ಕೆ ಹೊಂದಿಲ್ಲ ಎನ್ನುವುದೂ ಅಪ್ರಸ್ತುತವೇ.

ಸ್ಪ್ರಿಂಗನ್ನು ವಾಲ್ವಿಗೆ ಹಿಡಿದಿಡುವ ವಾಲ್ವ್ ಲಾಕ್ ಹಾಕುವುದು ಬೀದಿಯವರೆಲ್ಲ ಸೇರುವ ಕಾರ್ಯಕ್ರಮ. ಸ್ಪ್ರಿಂಗ್ ಅದುಮುವ ಸಾಧನವನ್ನು ಪಂಡಿತ ದುಂದುವೆಚ್ಚವೆಂದು ಪರಿಗಣಿಸುವುದರಿಂದ ಉಗುರಿನಷ್ಟಿರುವ ಲಾಕ್ ಹಾರಿಯೇ ಹಾರುತ್ತದೆ. ಹಳೇ ಸ್ಪೀಕರಿನ ಮ್ಯಾಗ್ನೆಟ್ಟನ್ನು ಹಗ್ಗಕ್ಕೆ ಕಟ್ಟಿ ಮಕ್ಕಳು ಮಣ್ಣು ಜಾಲಿಸುತ್ತಾರೆ. ಸಿಕ್ಕವರಿಗೆ ಪೆಪ್ಪರಮಿಂಟು.

ನಿಜವಾದ ಸಂಕಟ ಇಂಜಿನ್ ಕೂಡಿಸಿ ಸ್ಟಾರ್ಟ್ ಮಾಡಿದ ಮೇಲಿನದು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಟ್ಯಾಪೆಟ್ ಕವರಿಗೆ, ಹಿಡಿಯನ್ನು ಕಿವಿಗೆ ಕೊಟ್ಟು ಒಳಗಿನ ಸದ್ದು ಕೇಳುವುದು ಹಳೆಯ, ಒಪ್ಪತಕ್ಕ ಪದ್ಧತಿ. ಆದರೆ ಪಂಡಿತನಿಗೆ ತನ್ನ ಕಿವಿ ಸಾಲದು. ಹೊಸದುರ್ಗದ ಬಸ್ಸಿಗೆಂದು ಹೊರಟವರನ್ನು ಬೆಳಿಗ್ಗೆ ದಾರಿಯಲ್ಲೇ ಅಡ್ಡಗಟ್ಟಿ, "ಬರ್ರಿ ಸ್ವಲ್ಪ, ಟಿಕ್ ಟಿಕ್ ಅಂತೈತಾ ನೋಡ್ರಿ" ಎಂದು ಸ್ಕ್ರೂಡ್ರೈವರ್ ಕೈಗಿಡುತ್ತಾನೆ. ಇದಕ್ಕೆ ಸಾಧ್ಯವಿರುವ ಉತ್ತರಗಳು ಮೂರು. "ಹೌದು" ಎಂದರೆ ಟ್ಯಾಪೆಟ್ ಮತ್ತೆ ಹೊಂದಿಸಬೇಕು. ಅದನ್ನು ಇಂಜಿನ್ ತಣ್ಣಗಿದ್ದಾಗಲೇ ಹೊಂದಿಸಬೇಕು. ಪುಶ್‌ರಾಡ್ ಬೆರಳಿಗೆ ಸಲೀಸಾಗಿ ತಿರುಗಬೇಕು, ಮೇಲೆ ಕೆಳಗೆ ಆಡಕೂಡದು. ಎರಕದ ಕಬ್ಬಿಣದ ಬ್ಯಾರಲ್ ಬೇಗ ತಣಿಯುವುದಿಲ್ಲ. ಸದ್ದು ಕೇಳಿದವನೇ ಸಾಕ್ಷಿಯಾದ್ದರಿಂದ, ಅದು ತಣಿಯುವವರೆಗೆ ಅವನಿಗೆ ಚಹಾ ಕೊಟ್ಟು ಕೂರಿಸಲಾಗುತ್ತದೆ. ಬಸ್ ಹೋಗುತ್ತದೆ, ಮುಂದಿನ ಬಸ್ಸೂ ಹೋಗುತ್ತದೆ. "ಇಲ್ಲ" ಎಂದರೆ, "ನಿಮ್ಮ ಕಿವಿ ಒಮ್ಮೆ ಡಾಕ್ಟರಿಗೆ ತೋರಿಸ್ರಿ" ಎಂಬ ಸಲಹೆ ಪುಕ್ಕಟೆ. "ನನಗೆ ಗೊತ್ತಾಗಲ್ಲ" ಎಂದರೆ ಕ್ರ್ಯಾಂಕ್‌ಶಾಫ್ಟಿನಿಂದ ಪಾಠ ಆರಂಭ. ಮೂರೂ ಉತ್ತರಗಳ ಪರಿಣಾಮವನ್ನು ಲೇಖಕ ಸ್ವಂತ ಕಿವಿಯಿಂದ ದೃಢಪಡಿಸಿಕೊಂಡಿದ್ದಾನೆ. ಟಿಕ್ ಟಿಕ್ ಎನ್ನುವುದು ಟ್ಯಾಪೆಟ್ಟೋ ತನ್ನ ಕೈಗಡಿಯಾರವೋ ಎಂದು ತಿಳಿಯದ ಅಜ್ಞಾನಿ ಅವನೆಂಬುದನ್ನೂ ಇಲ್ಲಿ ದಾಖಲಿಸಬೇಕು.

ಈ ಕಿವಿಗೆ ಈಗ ಕೆಲಸ ಕಮ್ಮಿಯಾಗುತ್ತಿದೆ. ಮುಂದೆ ಬಂದ ಯುಸಿಇ (ಯೂನಿಟ್ ಕನ್‌ಸ್ಟ್ರಕ್ಷನ್) ಇಂಜಿನ್ನಿನ ಬುಲೆಟ್ಟುಗಳಲ್ಲಿ ಟ್ಯಾಪೆಟ್ ಹೈಡ್ರಾಲಿಕ್. ತನ್ನನ್ನು ತಾನೇ ಹೊಂದಿಸಿಕೊಳ್ಳುತ್ತದೆ. ಹುಡುಗರು ಗಾಡಿಯನ್ನು ನೇರ ಸರ್ವಿಸ್ ಸೆಂಟರಿಗೆ ಬಿಟ್ಟು ಮೊಬೈಲ್ ನೋಡುತ್ತ ಕೂರುತ್ತಾರೆ. ಪಂಡಿತನ ಗೋಣಿಚೀಲದ ಸುತ್ತ ಮೊದಲಿನಂತೆ ಯಾರೂ ಕುಕ್ಕರಗಾಲಲ್ಲಿ ಕೂರುವುದಿಲ್ಲ. ಅವನ ಮಗನೂ ಅಷ್ಟೇ.

ಇವನ ಬಗ್ಗೆ ಹೇಳದೆ ಬಿಡಬಾರದ ಒಂದು ಸಂಗತಿಯಿದೆ. ಈರುಳ್ಳಿಗೆ ನೀರು ಹಾಯಿಸುವ ಹೊತ್ತಿಗೆ ಕರೆಂಟು ಕೈಕೊಟ್ಟು, ಯಾರದೋ ಹಳೇ ಡೀಸೆಲ್ ಪಂಪೂ ಕೆಮ್ಮಿ ನಿಂತರೆ, ಪಂಡಿತ ರಾತ್ರಿಯಾದರೂ ಟಾರ್ಚು ಹಿಡಿದು ಹೊರಡುತ್ತಾನೆ. ಅಲ್ಲಿ ಕ್ಯಾಮಿನ ಮೂಗನ್ನು ಉಗುರಿನಿಂದ ಸವರಿ, ಗೆರೆಯಿಲ್ಲದಿದ್ದರೆ ಹಳೆಯದನ್ನೇ ಉಳಿಸುತ್ತಾನೆ. ಸ್ಪ್ರಿಂಗ್ ಮಾತ್ರ ಕಂಪನಿಯದೇ ತರಿಸುತ್ತಾನೆ, ಚೌಕಾಸಿ ಮಾಡುವುದಿಲ್ಲ, ಕೂಲಿಯೂ ಕೇಳುವುದಿಲ್ಲ. ಆ ಪಂಪುಗಳು ನಡೆಯುತ್ತಿವೆ. ಅವನ ಬುಲೆಟ್ ಮಾತ್ರ ಗೋಣಿಚೀಲ ಬಿಟ್ಟೇಳುವುದಿಲ್ಲ.

ಕಮ್ಮಿ ಖರ್ಚಿನಲ್ಲಿ ಇಂಜಿನ್ ಎಬ್ಬಿಸಬೇಕೆನ್ನುವವರು ಅವನು ತನ್ನ ಗಾಡಿಗೆ ಮಾಡುವುದನ್ನು ಬಿಟ್ಟು ಊರಿನವರ ಪಂಪಿಗೆ ಮಾಡುವುದನ್ನು ಅನುಸರಿಸಬೇಕು: ಸವೆಯದ ಕ್ಯಾಮ್ ಇದ್ದಲ್ಲೇ ಇರಲಿ, ಸ್ಪ್ರಿಂಗ್ ಹೊಸದಾಗಿರಲಿ. ಬುಲೆಟ್ಟಿನ ನಾಲ್ಕು ಸ್ಪ್ರಿಂಗಿನ ಬೆಲೆ, ಆ ರೇಸಿನ ಕ್ಯಾಮ್ ತರಲು ಬೆಂಗಳೂರಿಗೆ ಹೋಗಿಬರುವ ಬಸ್ ಚಾರ್ಜಿಗಿಂತ ಹೆಚ್ಚಾಗುವುದಿಲ್ಲ.