ವೈದ್ಯೋ ಯಂತ್ರೋ ಹರಿಃ

(ತಾಲ್ಲೂಕು ಊರಿನ ದವಾಖಾನೆ. ಡಾಕ್ಟರ ಕುರ್ಚಿ ಖಾಲಿ. ಮೇಜಿನ ಮೇಲೆ ಟ್ಯಾಬು. ಅದಕ್ಕೂ ಊದುಬತ್ತಿ ಹಚ್ಚಿದ್ದಾರೆ.)

ಕಾಂಪೌಂಡರ್: ಯಜಮಾನ್ರೇ, ಇಲ್ಲಿ ಹೆಬ್ಬೆಟ್ಟು ಒತ್ತಿ.

ಅಜ್ಜ: ಸಾಲಕ್ಕೇನಪ್ಪಾ?

ಕಾಂಪೌಂಡರ್: ಒಪ್ಪಿಗೆಗೆ. ನಿಮ್ಮ ಎಕ್ಸ್‌ರೇನ ಕೃತಕ ಬುದ್ಧಿಮತ್ತೆ ನೋಡುತ್ತೆ. ನಲವತ್ತು ಪುಟ, ಇಂಗ್ಲಿಷು. ಓದೋ ತೊಂದ್ರೆ ಬೇಡ.

ಅಜ್ಜ: ಓದಿದೋರು ಯಾರಾದ್ರೂ ಇದ್ದಾರಾ?

ಕಾಂಪೌಂಡರ್: ಬರೆದಿದ್ದೂ ಯಂತ್ರವೇ.

ಅಜ್ಜ: ನನ್ನ ಎದೆ ಫೋಟೋ ಆಮೇಲೆ ಎಲ್ಲಿಗೋಗುತ್ತೆ?

ಕಾಂಪೌಂಡರ್: ಕ್ಲೌಡಿಗೆ. ಅಂದ್ರೆ ಮೋಡಕ್ಕೆ.

ಅಜ್ಜ: ಮಳೆಯಾಗಿ ಯಾರ ಹೊಲಕ್ಕೆ ಬೀಳುತ್ತೆ?

(ಉತ್ತರವಿಲ್ಲ. ಹೊಲ ನಮ್ಮದಲ್ಲ ಎಂಬುದಷ್ಟೇ ಖಚಿತ.)

ಅಜ್ಜ: ಮೊಮ್ಮಗ ಹೇಳ್ತಿದ್ದ. ಅಮೆರಿಕದಲ್ಲಿ ಇಂಥದ್ದೇ ಒಂದು ಲೆಕ್ಕ, ಆಸ್ಪತ್ರೆ ಖರ್ಚು ಕಡಿಮೆ ಇದ್ದೋರಿಗೆ ಕಾಯಿಲೇನೂ ಕಡಿಮೆ ಅಂತಿತ್ತಂತೆ. ಕಪ್ಪು ಜನರ ಮೇಲೆ ಖರ್ಚಾಗ್ತಿದ್ದದ್ದೇ ಕಡಿಮೆ; ಎಷ್ಟೇ ನರಳಿದ್ರೂ ಗಟ್ಟಿಮುಟ್ಟು ಅಂತ ಬರ್ಕೊಂಡಿತಂತೆ. 2019ರಲ್ಲಿ ‘ಸೈನ್ಸ್’ ಪತ್ರಿಕೇಲಿ ಬಂತಂತೆ.

ಕಾಂಪೌಂಡರ್: ಅದು ಅಮೆರಿಕ ಬಿಡಿ.

ಅಜ್ಜ: ನಾನು ಆಸ್ಪತ್ರೆ ಮೆಟ್ಟಿಲು ಹತ್ತಿ ಹನ್ನೆರಡು ವರ್ಷ. ಆ ಲೆಕ್ಕದಲ್ಲಿ ಪೈಲ್ವಾನ! ಸರಿ, ತಪ್ಪಾದ್ರೆ ಯಾರ ಕೊರಳಪಟ್ಟಿ ಹಿಡೀಲಿ?

ಕಾಂಪೌಂಡರ್: ಕಂಪನಿ ಡಾಕ್ಟರನ್ನ ತೋರಿಸುತ್ತೆ, ಡಾಕ್ಟರು ಕಂಪನೀನ.

ಅಜ್ಜ: ಮನುಷ್ಯರ ನಿಗಾ ಇರ್ಬೇಕು ಅಂತ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್ 2023ರಲ್ಲೇ ಮಾರ್ಗಸೂಚಿ ಕೊಟ್ಟಿದೆಯಂತಲ್ಲ?

ಕಾಂಪೌಂಡರ್: ಇದೆಯಲ್ಲ! ಬಟನ್ ಒತ್ತೋನು ನಾನೇ.

ಅಜ್ಜ: ಏನು ಓದಿದೀಯಪ್ಪಾ?

ಕಾಂಪೌಂಡರ್: ಎಸ್ಸೆಲ್ಸಿ. ಗಣಿತ ಒಂದು ಉಳಿದಿದೆ.

(ಟ್ಯಾಬು ಕುಂಯ್ ಎಂದು ಆರಿತು. ಕರೆಂಟು ಬರುವುದು ಸಂಜೆ ಆರಕ್ಕೆ.)