ಎರಡು ಕಾಲಿನ ಯಂತ್ರ: ಬಳಕೆದಾರರ ಕೈಪಿಡಿ

(1965ಕ್ಕೆ ಮೊದಲು ತಯಾರಾದ ಎಲ್ಲ ಮಾದರಿಗಳಿಗೂ ಅನ್ವಯಿಸುತ್ತದೆ)

ಅಭಿನಂದನೆಗಳು! ಅರವತ್ತು ವರ್ಷ ಒಂದೇ ಸಮನೆ ಓಡಿಯೂ ಗುಜರಿಗೆ ಹೋಗದ ಯಂತ್ರವೊಂದರ ಮಾಲೀಕರು ನೀವು. ಇದು ಮನೆಗೆ ಬಂದ ದಿನ ಜೊತೆಗೆ ಕೈಪಿಡಿ ಬಂದಿರಲಿಲ್ಲ. ಬಂದಿದ್ದರೂ ನಿಮ್ಮ ತಂದೆಯವರು ಅದನ್ನು ರೇಡಿಯೋ ಲೈಸೆನ್ಸಿನ ಜೊತೆ ಸುತ್ತಿ ಟ್ರಂಕಿನ ತಳಕ್ಕೆ ಸೇರಿಸಿರುತ್ತಿದ್ದರು. ಅದಕ್ಕೇ ತಡವಾಗಿ ಈ ಪ್ರತಿ.

ಸುರಕ್ಷತಾ ಸೂಚನೆ: ದಯವಿಟ್ಟು ನಿಂತು ಓದಿ. ಭಾರವಾದ ಕುರ್ಚಿಯ ಬೆನ್ನನ್ನೋ ಅಡುಗೆಮನೆ ಕಟ್ಟೆಯನ್ನೋ ಹಿಡಿದುಕೊಂಡು ಒಂದು ಕಾಲನ್ನು ನೆಲದಿಂದ ಎರಡು ಅಂಗುಲ ಎತ್ತಿ. ಪ್ಲಾಸ್ಟಿಕ್ ಕುರ್ಚಿ ಬೇಡ; ಅದು ನಿಮಗಿಂತ ಮೊದಲು ಬೀಳುತ್ತದೆ.

ಪೆಟ್ಟಿಗೆಯಲ್ಲಿರುವ ಭಾಗಗಳು

ಕಣ್ಣು, ಎರಡು. ಒಳಕಿವಿ, ಎರಡು, ಒಂದೊಂದರಲ್ಲೂ ದ್ರವ ತುಂಬಿದ ಮೂರು ಕಮಾನಿನಾಕಾರದ ನಾಳ, ಪಕ್ಕದಲ್ಲಿ ಸುಣ್ಣದ ಸಣ್ಣ ಹರಳು ಹೊತ್ತ ಎರಡು ಚೀಲ. ಗಾರೆ ಕೆಲಸದವರು ಗೋಡೆಗೆ ಹಿಡಿಯುವ ರಸಮಟ್ಟ ನೋಡಿದ್ದೀರಲ್ಲ, ಹೆಚ್ಚುಕಡಿಮೆ ಅದೇ ಕೆಲಸ. ಮೂರನೆಯದು ಅಂಗಾಲು, ಹಿಮ್ಮಡಿಯ ಕೀಲು, ಮಂಡಿ, ಮಾಂಸಖಂಡಗಳಲ್ಲಿ ಹರಡಿರುವ ನರಗಳು. ನಡುರಾತ್ರಿ ಕರೆಂಟು ಹೋದಾಗ ನಿಮ್ಮ ಕಾಲು ಎಲ್ಲಿದೆ ಎಂದು ನಿಮಗೆ ತಿಳಿಸುವುದು ಇವೇ.

ಈ ಮೂವರು ಗ್ರಾಮಲೆಕ್ಕಿಗರೂ ವರದಿ ಕಳಿಸುತ್ತಾರೆ, ಮೆದುಳಿನ ಹಿಂಬದಿಯ ತಾಲ್ಲೂಕು ಕಚೇರಿಯಲ್ಲಿ ತಾಳೆ ನೋಡಿ ಸಹಿ ಬೀಳುತ್ತದೆ, ಕಾಲಿಗೆ ಆದೇಶ ಹೊರಡುತ್ತದೆ. ಇಷ್ಟೂ ಒಂದು ಸೆಕೆಂಡಿನ ಸಣ್ಣ ಚೂರಿನೊಳಗೆ ಆಗಬೇಕು. ವಯಸ್ಸಾದಂತೆ ಒಬ್ಬರಲ್ಲ ಒಬ್ಬರು ರಜೆ ಹಾಕುತ್ತಾರೆ. ಪೊರೆ ಬಂದರೆ ಕಣ್ಣು, ಸಕ್ಕರೆ ಕಾಯಿಲೆ ಹಳೆಯದಾದರೆ ಅಂಗಾಲು. ಉಳಿದಿಬ್ಬರು ಹೆಚ್ಚುವರಿ ಪ್ರಭಾರ ಹೊತ್ತು ಹೇಗೋ ಸಂಭಾಳಿಸುತ್ತಾರೆ, ನಿಮಗೆ ಗೊತ್ತೂ ಆಗುವುದಿಲ್ಲ. ಗೊತ್ತಾಗುವುದು ಅವರಲ್ಲೂ ಒಬ್ಬರು ಕೈಕೊಟ್ಟ ದಿನ. ಬರ್ಲಿನ್ನಿನಲ್ಲಿ 19ನೇ ಶತಮಾನದಲ್ಲಿದ್ದ ಮೋರಿಟ್ಸ್ ರೊಂಬರ್ಗ್ ಎಂಬ ವೈದ್ಯರು ಕೆಲವು ರೋಗಿಗಳು ಕಣ್ಣು ಮುಚ್ಚಿದೊಡನೆ ತೂರಾಡುವುದನ್ನು ಗಮನಿಸಿದರು. ಪಾದ ಜೋಡಿಸಿ, ಕಣ್ಣು ಮುಚ್ಚಿಸಿ ನಿಲ್ಲಿಸಿ ನೋಡುವ ಪರೀಕ್ಷೆಗೆ ಇಂದಿಗೂ ಅವರದೇ ಹೆಸರು. ಮುಖಕ್ಕೆ ಸೋಪು ಹಚ್ಚಿ, ಕಣ್ಣು ಬಿಗಿದು, ಚೊಂಬು ಎಲ್ಲಿ ಎಂದು ತಡಕುವಾಗ ನಾವು ದಿನಾ ಕೊಡುತ್ತಿರುವುದೂ ಅದೇ ಪರೀಕ್ಷೆ, ಅದೂ ಒದ್ದೆ ನೆಲದ ಮೇಲೆ.

ಯಂತ್ರ ಕೆಡುವ ಬಗೆ

ನನ್ನದು 1957ರ ಮಾದರಿ. ಎರಡು ವರ್ಷದ ಹಿಂದೆ ನೆಂಟರ ಮದುವೆಗೆ ಹೊರಡುವ ಗಡಿಬಿಡಿಯಲ್ಲಿ ಪ್ಯಾಂಟಿನ ಎರಡನೇ ಕಾಲು ತೂರಿಸುತ್ತಿದ್ದವನು ಮಂಚದ ಮೇಲೆ ಬಿದ್ದೆ. “ಬಿದ್ರಾ?” ಎಂದಳು ಹೆಂಡತಿ. “ಇಲ್ಲ, ಕೂತೆ” ಎಂದೆ. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎಂಬ ಗಾದೆ ಗರಡಿಮನೆಯಲ್ಲಿ ಹುಟ್ಟಿದ್ದಲ್ಲ, ಅರವತ್ತೈದು ದಾಟಿದವರ ಮಲಗುವ ಕೋಣೆಯಲ್ಲಿ ಹುಟ್ಟಿದ್ದು. “ಪಂಚೆ ಉಟ್ಕೊಳಿ ರೀ” ಎಂದಳು. ಪಂಚೆ ಉಡಲು ಒಂಟಿಕಾಲಲ್ಲಿ ನಿಲ್ಲಬೇಕಾಗಿಲ್ಲ. ಹಿರಿಯರು ಯೋಚನೆ ಮಾಡಿಯೇ ಉಟ್ಟಿದ್ದಾರೆ.

ಸುದ್ದಿ ಮಕ್ಕಳಿಗೆ ಹೋಯಿತು. ಅಂದಿನಿಂದ ಮನೆಯಲ್ಲಿ ನಿಷೇಧಾಜ್ಞೆ. ಸ್ಟೂಲು ಹತ್ತಿ ಬಲ್ಬು ಬದಲಿಸುವಂತಿಲ್ಲ, ಅದು ಸರಿಯೇ. ತಾರಸಿಗೆ ಬಟ್ಟೆ ಒಣಹಾಕಲು ಹೋಗುವಂತಿಲ್ಲ. ಕೆಳಗೆ ಬಿದ್ದ ಪೇಪರು ಬಗ್ಗಿ ಎತ್ತುವಂತಿಲ್ಲ. “ಅಪ್ಪಾ, ನೀವು ಸುಮ್ನೆ ಕೂತ್ಕೊಳಿ.” ಪ್ರೀತಿಯಿಂದಲೇ ಹೇಳುವ ಮಾತು, ಸಂದೇಹವಿಲ್ಲ. ಆದರೆ ಈ ಯಂತ್ರವನ್ನು ಕೆಡಿಸಲು ಇದಕ್ಕಿಂತ ಒಳ್ಳೆಯ ಸೂತ್ರ ಇನ್ನೂ ಯಾರಿಗೂ ಸಿಕ್ಕಿಲ್ಲ. ಬಿದ್ದವನನ್ನು ಕೂರಿಸುತ್ತಾರೆ, ಕೂತವನ ತೊಡೆ ಸೊರಗುತ್ತದೆ, ತೊಡೆ ಸೊರಗಿದವನು ಮತ್ತೆ ಬೀಳುತ್ತಾನೆ. ಆಮೇಲೆ “ನಾವು ಆವತ್ತೇ ಹೇಳಿರಲಿಲ್ವಾ?”

ನಾವು ಚಿಕ್ಕವರಿದ್ದಾಗ ಈ ಯಂತ್ರಕ್ಕೆ ದಿನವೂ ಸರ್ವಿಸು ಆಗುತ್ತಿತ್ತು, ಯಾರೂ ಅದನ್ನು ವ್ಯಾಯಾಮ ಎನ್ನುತ್ತಿರಲಿಲ್ಲ. ಚಕ್ಕಳಮಕ್ಕಳ ಹಾಕಿ ಊಟ, ಎಂಜಲು ಕೈ ನೆಲಕ್ಕೂರದೆ ಏಳುವುದು, ಹೊಸ್ತಿಲು ದಾಟಿ ಹಿತ್ತಿಲು, ಹಂಡೆಯ ಒಲೆ ಮುಂದೆ ಕುಕ್ಕರಗಾಲು. ಹಳೆಯದೆಲ್ಲ ಚೆನ್ನ ಎಂದು ನಾನು ಹೇಳುವವನಲ್ಲ. ಮಂಡಿ ಸವೆದವರಿಗೆ ಕಮೋಡು ಬಂದದ್ದು ದೇವರು ಬಂದಂತೆ. ಆದರೆ ಊಟಕ್ಕೆ ಟೇಬಲ್ಲು, ಮಹಡಿಗೆ ಲಿಫ್ಟು, ಹೊಸ್ತಿಲಿಲ್ಲದ ಫ್ಲಾಟು ಎಲ್ಲ ಸೇರಿ ನಮ್ಮ ಕಾಲಿಗೆ ಸ್ವಯಂನಿವೃತ್ತಿ ಕೊಟ್ಟುಬಿಟ್ಟಿವೆ. ಪಿಂಚಣಿ ಮಾತ್ರ ಇಲ್ಲ.

ಚಾಲನೆ

ಸ್ಥಳ: ಅಡುಗೆಮನೆ ಕಟ್ಟೆ. ಹೊತ್ತು: ಹಾಲು ಕಾಯುವಷ್ಟು. ಉಡುಪು: ಇದ್ದದ್ದು. ಹೊಸ ಶೂ, ಟ್ರ್ಯಾಕ್ ಸೂಟು, ಮೊಮ್ಮಗ ಅಮೆರಿಕದಿಂದ ಕಳಿಸಿದ ಹೆಜ್ಜೆ ಎಣಿಸುವ ಗಡಿಯಾರ ಯಾವುದೂ ಬೇಕಿಲ್ಲ.

ಎರಡೂ ಕೈಯಿಂದ ಕಟ್ಟೆ ಹಿಡಿದು ಒಂದು ಕಾಲೆತ್ತಿ, 10 ಎಣಿಸಿ. ಕಾಲು ಬದಲಿಸಿ. ಒಂದು ವಾರ ಇಷ್ಟೇ. ಆಮೇಲೆ ಒಂದು ಕೈ. ಆಮೇಲೆ ಒಂದು ಬೆರಳು. ಆ ಬೆರಳೂ ಕಟ್ಟೆಯನ್ನು ತಾಗಿಯೂ ತಾಗದಂತಿರುವ ದಿನ ಬಂದಾಗ ಹೆಂಡತಿಯನ್ನು ಕರೆದು ತೋರಿಸಬೇಡಿ, ಕರೆಯಲು ತಿರುಗಿದಾಗಲೇ ಬೀಳುವುದು. ನೆಲ ನೋಡಬೇಡಿ, ಎದುರಿನ ಕ್ಯಾಲೆಂಡರಿನಲ್ಲಿ ಇವತ್ತಿನ ತಿಥಿ ನೋಡಿ. ಉಸಿರು ಹಿಡಿಯಬೇಡಿ.

ಇದು ಹಿಡಿತಕ್ಕೆ ಬಂದರೆ ಕಟ್ಟೆಯುದ್ದಕ್ಕೂ ಅಡಿಗೆ ಅಡಿ ಸೇರಿಸಿ ನಡೆಯಿರಿ, ಗೋಲಿಯಾಟದಲ್ಲಿ ದೂರ ಅಳೆಯುತ್ತಿದ್ದೆವಲ್ಲ, ಹಾಗೆ. ಆಮೇಲೆ ಅಡ್ಡಡ್ಡ, ಆಮೇಲೆ ಹಿಂದಕ್ಕೆ. ಹಿಮ್ಮಡಿ ಎತ್ತಿ ತುದಿಗಾಲಲ್ಲಿ ನಿಂತು ಇಳಿಯುವುದು ಹತ್ತು ಸಲ. ಕುರ್ಚಿಯಿಂದ ಕೈಯೂರದೆ ಏಳುವುದು ಹತ್ತು ಸಲ. “ಅಯ್ಯಪ್ಪಾ” ಎನ್ನುವುದು ಐಚ್ಛಿಕ. ಇದಾವುದೂ ನಿಮಗೆ ಹೊಸದಲ್ಲ. ಏಳನೇ ವಯಸ್ಸಿನಲ್ಲಿ ಅಂಗಳದಲ್ಲಿ ಕುಂಟೆಬಿಲ್ಲೆ ಆಡುವಾಗಲೇ ನೀವು ಇದರಲ್ಲಿ ಪದವಿ ಪಡೆದಿದ್ದೀರಿ, ನವೀಕರಣ ಮಾಡಿಸಿಲ್ಲ ಅಷ್ಟೆ.

ಆಧಾರ ಹಿಡಿಯಲು ನಾಚಿಕೆಯಾಗುವವರು ಗಮನಿಸಿ: ಕೋಲಾರ ಸೀಮೆಯ ಬೆಳ್ಳೂರಿನಲ್ಲಿ 1918ರಲ್ಲಿ ಹುಟ್ಟಿ ಜಗತ್ತಿಗೇ ಯೋಗ ಕಲಿಸಿದ ಬಿ.ಕೆ.ಎಸ್. ಅಯ್ಯಂಗಾರ್ ಅವರ ಪದ್ಧತಿಯಲ್ಲಿ ಗೋಡೆ, ಹಗ್ಗ, ಕುರ್ಚಿ, ಮರದ ದಿಮ್ಮಿ ಎಲ್ಲವೂ ಪಾಠದ ಸಾಮಗ್ರಿಗಳೇ. ಅವರಿಗಿಂತ ನಾವು ದೊಡ್ಡವರಲ್ಲ.

“ನಾನು ದಿನಾ ಲಾಲ್‌ಬಾಗಿನಲ್ಲಿ ನಾಲ್ಕು ಕಿಲೋಮೀಟರು ವಾಕಿಂಗ್ ಮಾಡ್ತೀನಿ ಸ್ವಾಮಿ, ನನಗ್ಯಾಕೆ ಇದು?” ಎನ್ನುವ ಗ್ರಾಹಕರ ಸಂಖ್ಯೆ ದೊಡ್ಡದು. ವಾಕಿಂಗ್ ಹೃದಯಕ್ಕೆ ಒಳ್ಳೆಯದು, ಬಿಡಬೇಡಿ. ಆದರೆ ಬರೀ ನಡಿಗೆಯಿಂದ ಬೀಳುವುದು ತಪ್ಪುತ್ತದೆ ಎನ್ನಲು ಗಟ್ಟಿ ಸಾಕ್ಷಿ ಸಿಕ್ಕಿಲ್ಲ. 2019ರಲ್ಲಿ ಕಾಕ್ರೇನ್ ಸಂಸ್ಥೆಯವರು ನೂರಕ್ಕೂ ಹೆಚ್ಚು ಪ್ರಯೋಗಗಳನ್ನು ಒಟ್ಟಿಗೆ ತೂಗಿ ನೋಡಿದಾಗ, ಸಮತೋಲನದ ವ್ಯಾಯಾಮ ಮಾಡಿದವರಲ್ಲಿ ಬೀಳುವುದು ಸುಮಾರು ಕಾಲು ಭಾಗ ಕಡಿಮೆಯಾಗಿತ್ತು. ಅರವತ್ತೈದು ದಾಟಿದವರು ವಾರಕ್ಕೆ ಮೂರು ದಿನವಾದರೂ ಇದನ್ನು ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿತು. ಇನ್ನು ವಯಸ್ಸು ಮೀರಿತು ಎನ್ನುವವರಿಗೆ: ನ್ಯೂಜಿಲೆಂಡಿನ ಒಟಾಗೊದವರು 1997ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಇದ್ದವರೆಲ್ಲ 80 ಮುಟ್ಟಿದ ಅಜ್ಜಿಯಂದಿರು. ಮನೆಯಲ್ಲೇ ಇಂಥವೇ ಕಸರತ್ತು ಮಾಡಿದವರು ಮಾಡದವರಿಗಿಂತ ಕಡಿಮೆ ಸಲ ಬಿದ್ದರು.

ಅದೇ ವರ್ಷ ಸ್ವೀಡನ್ನಿನವರು ಇನ್ನೊಂದು ತಮಾಷೆ ಕಂಡರು. ವೃದ್ಧರ ಜೊತೆ ನಡೆಯುತ್ತ ಮಾತು ತೆಗೆಯುವುದು, ಯಾರು ಉತ್ತರ ಕೊಡಲು ನಿಂತುಬಿಡುತ್ತಾರೆ ಎಂದು ನೋಡುವುದು. ಹಾಗೆ ನಿಂತವರೇ ಮುಂದಿನ ಆರು ತಿಂಗಳಲ್ಲಿ ಹೆಚ್ಚು ಬಿದ್ದರು. ನಮ್ಮ ಪಾರ್ಕಿನಲ್ಲಿ ಮಾತು ವೇತನ ಆಯೋಗದ ಬಾಕಿಗೆ ಬಂದೊಡನೆ ಐವರಲ್ಲಿ ನಾಲ್ವರು ನಿಲ್ಲುತ್ತಾರೆ. ಅದು ಸಿಟ್ಟಿನಿಂದಲೋ ಸಮತೋಲನದ ದೋಷದಿಂದಲೋ ಎಂದು ನಿರ್ಧರಿಸಲು ನಮ್ಮಲ್ಲಿ ಸ್ವೀಡನ್ನಿನವರಿಲ್ಲ.

ಒಂದು ತಿದ್ದುಪಡಿ. ಹತ್ತು ಸೆಕೆಂಡು ಒಂಟಿಕಾಲಲ್ಲಿ ನಿಲ್ಲಲಾಗದವರು ಬೇಗ ಸಾಯುತ್ತಾರೆ ಎಂಬ ಸುದ್ದಿ ನಿಮ್ಮ ವಾಟ್ಸಾಪ್ ಗುಂಪಿಗೂ ಬಂದಿರಬಹುದು. ಮೂಲ 2022ರ ಬ್ರೆಜಿಲ್‌ನ ಅಧ್ಯಯನ; 51ರಿಂದ 75ರ ವಯಸ್ಸಿನ 1,702 ಜನರಲ್ಲಿ ಐವರಲ್ಲಿ ಒಬ್ಬರಿಗೆ ನಿಲ್ಲಲಾಗಲಿಲ್ಲ, ಅವರಲ್ಲಿ ಮುಂದಿನ ವರ್ಷಗಳಲ್ಲಿ ಸಾವು ಹೆಚ್ಚಿತ್ತು, ನಿಜ. ಆದರೆ ಅವರಲ್ಲಿ ಸಕ್ಕರೆ ಕಾಯಿಲೆಯಂಥವೂ ಹೆಚ್ಚಿದ್ದವು. ಕಾಲೆತ್ತಿ ನಿಂತರೆ ಯಮ ಹಿಂದಿರುಗುತ್ತಾನೆ ಎಂದು ಅಧ್ಯಯನ ಹೇಳಿಲ್ಲ.

ದೋಷ ಮತ್ತು ಪರಿಹಾರ

ಮಲಗಿ ಮಗ್ಗುಲು ಬದಲಿಸಿದೊಡನೆ ಕೋಣೆ ಗಿರ್‍ರನೆ ತಿರುಗಿದರೆ: ಒಳಕಿವಿಯ ಹರಳು ಜಾಗ ಬಿಟ್ಟು ನಾಳಕ್ಕೆ ಜಾರಿರಬಹುದು. ಕಿವಿ ಡಾಕ್ಟರು ತಲೆಯನ್ನು ಕ್ರಮವಾಗಿ ಹೊರಳಿಸಿ ಎಷ್ಟೋ ಸಲ ಕೆಲವೇ ನಿಮಿಷದಲ್ಲಿ ಸರಿಮಾಡುತ್ತಾರೆ. ಯೂಟ್ಯೂಬು ನೋಡಿಕೊಂಡು ಅಳಿಯ ಹೊರಳಿಸುವುದು ಬೇಡ.

ಎದ್ದೊಡನೆ ಕಣ್ಣು ಕತ್ತಲೆ ಬಂದರೆ: ಬಿಪಿ ಇಳಿದಿರಬಹುದು. ರಾತ್ರಿ ಎದ್ದಾಗ ಮಂಚದ ಅಂಚಿನಲ್ಲಿ ಒಂದು ನಿಮಿಷ ಕೂತು, ಕಾಲಾಡಿಸಿ, ಆಮೇಲೆ ನಿಲ್ಲಿ. ಬಿಪಿ ಮಾತ್ರೆ, ನಿದ್ದೆ ಮಾತ್ರೆಗಳ ಪಟ್ಟಿಯನ್ನು ಡಾಕ್ಟರಿಗೆ ಒಮ್ಮೆ ತೋರಿಸಿ. ಪದೇಪದೇ ಬೀಳುತ್ತಿದ್ದರೆ ಈ ಕೈಪಿಡಿ ಮಡಚಿ, ಮೊದಲು ಅವರ ಹತ್ತಿರವೇ ಹೋಗಿ.

ಬಚ್ಚಲು: ಜಗತ್ತಿನಲ್ಲಿ ವರ್ಷಕ್ಕೆ 6,84,000 ಜನ ಬಿದ್ದು ಸಾಯುತ್ತಾರೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು; ಆಕಸ್ಮಿಕ ಸಾವುಗಳಲ್ಲಿ ರಸ್ತೆ ಅಪಘಾತ ಬಿಟ್ಟರೆ ಮುಂದಿನ ಸ್ಥಾನ ಇದಕ್ಕೇ. ಬೈಕಿಗೆ ಎರಡು ಹೆಲ್ಮೆಟ್ ಕೊಂಡ ಮಗನಿಗೆ ಬಚ್ಚಲ ಗೋಡೆಗೆ ಒಂದು ಹಿಡಿಕೆ ಹಾಕಿಸಲು ಹೇಳಿ. ಟವೆಲ್ ಹಾಕುವ ಸರಳು ಹಿಡಿಕೆಯಲ್ಲ, ಭಾರ ಬಿಟ್ಟರೆ ಗೋಡೆ ಸಮೇತ ಕೈಗೆ ಬರುತ್ತದೆ. ಸವೆದ ಹವಾಯಿ ಚಪ್ಪಲಿ ಎಸೆಯಿರಿ. ಒಳಗಿನಿಂದ ಚಿಲಕ ಹಾಕಬೇಡಿ. ಮರ್ಯಾದೆಯ ಪ್ರಶ್ನೆಯಾದರೆ ಹಾಡು ಹೇಳಿಕೊಳ್ಳಿ.

ವಾರಂಟಿ

ಇಲ್ಲ. ಸೊಂಟದ ಕೀಲು ಹೊಸದು ಸಿಗುತ್ತದೆ, ಬೆಲೆ ವಿಚಾರಿಸಿದರೆ ನಿಂತವರೂ ಕೂರುತ್ತಾರೆ.

ನನ್ನ ಇವತ್ತಿನ ಲೆಕ್ಕ: ಬಲಗಾಲು 19 ಸೆಕೆಂಡು, ಎಡಗಾಲು 11. ಈ ತಿಂಗಳು ಹಾಲು ಉಕ್ಕಿದ್ದು ನಾಲ್ಕು ಸಲ.