ದೇವರ ಸೀಟು: ಬಾಲ್ಕನಿ, ಎಫ್ 14

ಡಾ. ರಾಜ್‌ಕುಮಾರ್ ನಮ್ಮನ್ನು ‘ಅಭಿಮಾನಿ ದೇವರುಗಳು’ ಎಂದು ಕರೆದರು. ಅದು ಅವರ ದೊಡ್ಡತನ. ಕರೆಸಿಕೊಂಡ ನಾವು ಅದನ್ನು ನಿಜವೆಂದೇ ನಂಬಿ ಕೂತಿದ್ದೇವೆ, ಅದು ನಮ್ಮ ಗುಣ. ಪುಣೆಯಲ್ಲಿ ನೆಲೆ ನಿಂತ ಧಾರವಾಡದ ಕಡೆಯವನಾದ ನಾನಂತೂ ಎರಡು ಗುಡಿಗಳ ದೇವರು. ಒಂದು ಕುರ್ಚಿ ಗಹುಂಜೆಯ ಕ್ರಿಕೆಟ್ ಮೈದಾನದಲ್ಲಿ, ಇನ್ನೊಂದು ಮರಾಠಿ ಸಂಗೀತ ನಾಟಕದ ಬಾಲ್ಕನಿಯಲ್ಲಿ.

ಇದು ನೆಂಟರಿಗೆ ಅರ್ಥವಾಗುವುದಿಲ್ಲ. “ನಾಟ್ಯಪದ ಕೇಳೋ ಕಿವಿಗೆ ಆ ಡಿಜೆ ಹೆಂಗ ಹಿಡಸ್ತದೋ ಮಾರಾಯ?” ಎನ್ನುತ್ತಾರೆ ಸೋದರಮಾವ. ಮ್ಯಾಚಿನ ಗೆಳೆಯರದು ಬೇರೆಯೇ ತಕರಾರು: “ಶಕುಂತಲಾ ಉಂಗುರ ಕಳಕೋತಾಳ, ಮೀನಿನ ಹೊಟ್ಟ್ಯಾಗ ಸಿಗ್ತದ. ರಿಸಲ್ಟ್ ಗೊತ್ತಿದ್ದ ಮ್ಯಾಚಿಗೆ ಟಿಕೆಟ್ ಯಾಕ?” ಇಬ್ಬರಿಗೂ ನನ್ನದು ಒಂದೇ ಉತ್ತರ. ಎರಡೂ ಕಡೆ ನಾನು ಮಾಡುವ ಕೆಲಸ ಬೇರೆ ಬೇರೆಯಲ್ಲ: ಕೂತುಕೊಂಡು, ನಿಂತು ದುಡಿಯುವವರ ತಪ್ಪು ಹುಡುಕುವುದು.

ಈ ಕೆಲಸಕ್ಕೆ ಪುಣೆಯಂಥ ಊರಿಲ್ಲ. ಬ್ಯಾಡ್ಮಿಂಟನ್‌ಗೆ ಒಂದು ಕಾಲಕ್ಕೆ ‘ಪೂನಾ’ ಎಂದೇ ಹೆಸರಿತ್ತು. ಬ್ರಿಟಿಷ್ ಅಧಿಕಾರಿಗಳು ಅದಕ್ಕೆ ನಿಯಮ ಬರೆದದ್ದು ಇಲ್ಲಿಯೇ. ಅಣ್ಣಾಸಾಹೇಬ ಕಿರ್ಲೋಸ್ಕರರು 1880ರ ಅಕ್ಟೋಬರ್ 31ರಂದು ‘ಸಂಗೀತ ಶಾಕುಂತಲ’ವನ್ನು ಮೊದಲು ಆಡಿಸಿದ್ದೂ ಇಲ್ಲಿಯೇ. ಕಿರ್ಲೋಸ್ಕರರು ಹುಟ್ಟಿದ್ದು ನಮ್ಮ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಅದಕ್ಕೂ ಮೊದಲು ವಿಷ್ಣುದಾಸ ಭಾವೆ ಸಾಂಗ್ಲಿಯಲ್ಲಿ 1843ರಲ್ಲಿ ‘ಸೀತಾ ಸ್ವಯಂವರ’ ಕಟ್ಟಿದ್ದು ಉತ್ತರ ಕನ್ನಡದ ಭಾಗವತರ ಆಟದ ಪ್ರೇರಣೆಯಿಂದ. ಪುಣೆಯ ಸದಾಶಿವ ಪೇಟೆಯ ಗೃಹಸ್ಥರೊಬ್ಬರ ಮುಂದೆ ಇದನ್ನೆಲ್ಲ ಎದೆಯುಬ್ಬಿಸಿ ಹೇಳಿದೆ. ಅವರು ಕನ್ನಡಕ ಒರೆಸಿಕೊಂಡರು. “ಒಪ್ಪಿದೆವು. ಬೀಜ ನಿಮ್ಮದು. ಇವತ್ತು ಟಿಕೆಟ್ ತಗೊಂಡು ಬೆಳೆ ನೋಡಲು ಬಂದವರೂ ನೀವೇ ಅಲ್ಲವೇ?” ಎಂದು ಕೇಳಿ ಒಳಗೆ ಹೋದರು.

ಇರಲಿ, ದೇವರ ವಿಷಯಕ್ಕೆ ಬರೋಣ. ದೇವರಿಗೆ ಮೊದಲು ಬೇಕಾದದ್ದು ಬಲಿ.

1911ರ ಮಾರ್ಚ್ 12, ಮುಂಬೈ. ‘ಮಾನಾಪಮಾನ’ ನಾಟಕದ ಮೊದಲ ಪ್ರಯೋಗ. ಹೆಣ್ಣು ಪಾತ್ರ ಮಾಡುತ್ತಿದ್ದ ಗಾಯಕ ನಟ ಬಾಲ ಗಂಧರ್ವರ ಪುಟ್ಟ ಮಗಳು ಅದೇ ದಿನ ತೀರಿಕೊಂಡಳು. ಪ್ರಯೋಗ ನಿಲ್ಲಲಿಲ್ಲ. ಅವರು ನಾಯಿಕೆ ಭಾಮಿನಿಯ ಸೀರೆಯುಟ್ಟು ಬಂದು ಹಾಡಿದರು. 2006ರ ಡಿಸೆಂಬರ್, ದಿಲ್ಲಿ. ಕರ್ನಾಟಕದ ವಿರುದ್ಧ ರಣಜಿ ಪಂದ್ಯದ ನಡುವೆ ವಿರಾಟ್ ಕೊಹ್ಲಿಯ ತಂದೆ ರಾತ್ರಿ ತೀರಿಕೊಂಡರು. ಹದಿನೆಂಟರ ಹುಡುಗ ಬೆಳಿಗ್ಗೆ ಬಂದು ಬ್ಯಾಟ್ ಹಿಡಿದ, ನಮ್ಮ ಬೌಲರುಗಳನ್ನೇ ಎದುರಿಸಿ ತನ್ನ ಮೊತ್ತವನ್ನು 90ಕ್ಕೆ ಒಯ್ದ, ಆಮೇಲೆ ಸಂಸ್ಕಾರಕ್ಕೆ ಹೋದ.

ಎರಡೂ ಕಥೆಗಳನ್ನು ನಾವು ಕಣ್ಣೊರೆಸಿಕೊಳ್ಳುತ್ತ ಹೇಳುತ್ತೇವೆ. “ಇದಕ್ಕಂತಾರ ನಿಷ್ಠೆ!” ಎನ್ನುತ್ತೇವೆ. ಹೇಳುವವರು ಯಾರು? ದೂರದ ಚಿಕ್ಕಪ್ಪನ ಹನ್ನೊಂದನೇ ದಿನಕ್ಕೂ ಹದಿಮೂರನೇ ದಿನಕ್ಕೂ ಬೇರೆ ಬೇರೆ ರಜೆ ಹಾಕುವವರು, ಮಳೆ ಬಂದರೆ ಮೇಲಧಿಕಾರಿಗೆ ಜ್ವರದ ಮೆಸೇಜು ಕಳಿಸುವವರು. ಮನೆಯಲ್ಲಿ ಸಾವಾದ ದಿನವೂ ಕೆಲಸಕ್ಕೆ ಹೋಗುವುದು ದೊಡ್ಡ ಧರ್ಮವೆಂದು ನಮಗೆ ಅನ್ನಿಸುವುದು, ಆ ಕೆಲಸ ನಮ್ಮ ಮನರಂಜನೆಯಾಗಿದ್ದಾಗ ಮಾತ್ರ. ಅವತ್ತು ಬಾಲ ಗಂಧರ್ವರು ಮನೆಯಲ್ಲೇ ಉಳಿದಿದ್ದರೆ ನೂರು ವರ್ಷವಾದ ಮೇಲೂ ನಾವು ಟಿಕೆಟ್ ದುಡ್ಡು ವಾಪಸು ಬಂತೋ ಇಲ್ಲವೋ ಎಂದು ಚರ್ಚೆ ಮಾಡುತ್ತಿದ್ದೆವು.

ಬಲಿಯಾದ ಮೇಲೆ ಮಂತ್ರ. ದೇವರುಗಳ ಮಂತ್ರ ಒಂದೇ: “ವನ್ಸ್ ಮೋರ್!”

ಬಾಲ್ಕನಿಯಲ್ಲಿ ನನ್ನ ಪಕ್ಕ ಕೂರುವ ಹಿರಿಯರೊಬ್ಬರಿದ್ದಾರೆ. ಶಾಲು, ಅಡಕಿ ಡಬ್ಬಿ, ತೊಡೆಯ ಮೇಲೆ ತಾಳ ಹಾಕಲು ಸದಾ ಸಿದ್ಧವಿರುವ ಬಲಗೈ. ಆರ್ಗನ್ ಸ್ವರ ಹಿಡಿಯುತ್ತಿದ್ದಂತೆ ಕಣ್ಣು ಮುಚ್ಚುತ್ತಾರೆ. ವೇದಿಕೆಯ ಮೇಲಿನ ಹುಡುಗ ಮೊದಲ ಸಾಲು ಎತ್ತುವ ಮುಂಚೆಯೇ ಇವರು ಅದನ್ನು ಮುಗಿಸಿರುತ್ತಾರೆ. ಹುಡುಗ ಹಾಡುತ್ತಾನೆ. ಇವರು ಒಂದು ಕಣ್ಣು ತೆರೆದು ನನ್ನ ಕಡೆ ವಾಲಿ, “ಇದೇನು! ಆ ಕಾಲದ ಛೋಟಾ ಗಂಧರ್ವರ ಹಾಡು ಕೇಳಬೇಕಿತ್ತು ನೀವು” ಎನ್ನುತ್ತಾರೆ. ಹಾಡು ಮುಗಿದ ಕ್ಷಣ ಥೇಟರಿನಲ್ಲಿ ಎಲ್ಲರಿಗಿಂತ ಮೊದಲು “ವನ್ಸ್ ಮೋರ್!” ಎಂದು ಕೂಗುವವರೂ ಇವರೇ. ಹುಡುಗ ಇನ್ನೊಮ್ಮೆ ಹಾಡುತ್ತಾನೆ. ಇವರು ಇನ್ನೊಮ್ಮೆ ತಲೆಯಾಡಿಸಿ, “ಊಹೂಂ” ಎನ್ನುತ್ತಾರೆ. ಇಷ್ಟವಿಲ್ಲದ್ದನ್ನೇ ಎರಡೆರಡು ಸಲ ಕೇಳಿ ಎರಡೂ ಸಲ ತಿರಸ್ಕರಿಸುವ ಈ ಸುಖ ಬರೀ ಮನುಷ್ಯರಿಗೆ ದಕ್ಕುವಂಥದ್ದಲ್ಲ. ಗಹುಂಜೆಯಲ್ಲಿ ಅವರ ಮೊಮ್ಮಗನ ವಯಸ್ಸಿನವನು ನನ್ನ ಮುಂದಿನ ಸಾಲಿನಲ್ಲಿ ಕೂರುತ್ತಾನೆ. ಡಾಟ್ ಬಾಲ್ ಬಿದ್ದರೆ “ಇವನನ್ನ ಮನೀಗೆ ಕಳಸ್ರೋ”, ಮುಂದಿನ ಚೆಂಡು ಬೌಂಡರಿಗೆ ಹೋದರೆ “ಕಿಂಗ್! ಕಿಂಗ್!”

ಈ ಮಂತ್ರದ ಶಕ್ತಿ ಸಣ್ಣದಲ್ಲ. ಬಾಲ ಗಂಧರ್ವರು ಐವತ್ತು ದಾಟಿದ ಮೇಲೂ ನಾವು ಅವರನ್ನು ಸೀರೆ ಬಿಚ್ಚಲು ಬಿಡಲಿಲ್ಲ. ಅವರ ನಾಟಕ ಕಂಪನಿ ಸಾಲದಲ್ಲಿ ಮುಳುಗಿತ್ತು, ಮೈ ದಪ್ಪವಾಗಿತ್ತು, ಪೌಡರು ಸುಕ್ಕಿನಲ್ಲಿ ನಿಲ್ಲುತ್ತಿತ್ತು. ನಮಗೆ ಮಾತ್ರ ನಾಯಿಕೆಯ ವಯಸ್ಸು ಹದಿನೆಂಟೇ. ಈಗ ಅದೇ ಪ್ರೀತಿಯನ್ನು ಧೋನಿಯ ಮೊಣಕಾಲಿನ ಮೇಲೆ ಹೇರಿದ್ದೇವೆ. 2025ರ ಐಪಿಎಲ್ ಆಡುವಾಗ ಅವರಿಗೆ 43 ವರ್ಷ. ಅವರ ತಂಡದ ವಿಕೆಟ್ ಬಿದ್ದರೆ ಅವರ ಅಭಿಮಾನಿಗಳೇ ಸಿಳ್ಳೆ ಹಾಕುತ್ತಾರೆ, ಯಾಕೆಂದರೆ ಮುಂದಿನವರು ಅವರೇ. ಸ್ವಂತ ತಂಡ ಸೋಲಿನ ಕಡೆ ಒಂದು ಹೆಜ್ಜೆ ಹಾಕಿದಾಗ ಹಬ್ಬ ಮಾಡುವ ಭಕ್ತಿಪಂಥ ಜಗತ್ತಿನಲ್ಲಿ ಬೇರೆಲ್ಲಿದೆ?

ಮಂತ್ರ ಫಲಿಸದಿದ್ದರೆ ಯಾರದಾದರೂ ದೋಷ ಇರಲೇಬೇಕು. ದೇವರದ್ದಂತೂ ಅಲ್ಲ, ವಿಗ್ರಹದ್ದೂ ಅಲ್ಲ. ಹಾಗಾದರೆ ಹತ್ತಿರದಲ್ಲಿರುವ ಹೆಂಗಸಿನದು! ಕಾಲ ಬದಲಾಗಿ, ಬೀಳಗಿ ಕಡೆಯ ಗೋಹರ್‌ಬಾಯಿ ಕರ್ನಾಟಕಿ ಗಂಧರ್ವ ಕಂಪನಿಗೆ ಬಂದು ನಾಯಿಕೆಯ ಪಾತ್ರ ಹಿಡಿದರು. ಬಾಲ ಗಂಧರ್ವರು ಗಂಡಸಿನ ಪಾತ್ರಕ್ಕೆ ಬಂದರು. ರಸಿಕರಿಗೆ ಸಹಿಸಲಾಗಲಿಲ್ಲ. ಹೆಂಗಸು ಹೆಂಗಸಿನ ಪಾತ್ರ ಮಾಡುವುದು ಅಸಹಜ, ಗಂಡಸು ಗಂಡಸಾಗಿ ಕಾಣಿಸಿಕೊಳ್ಳುವುದು ಅಪಚಾರ! ಕಂಪನಿಯ ಸಾಲ ಗೋಹರ್ ಕಾಲಿಡುವ ಮೊದಲೇ ಇತ್ತು. ಟಾಕಿ ಸಿನಿಮಾ ಬಂದು ಥೇಟರುಗಳನ್ನು ಆಗಲೇ ಖಾಲಿ ಮಾಡಿತ್ತು. ಆದರೂ ಗಂಧರ್ವರನ್ನು ಹಾಳು ಮಾಡಿದವಳು ಆಕೆ ಎಂಬ ಷರಾ ಇವತ್ತಿಗೂ ಪುಣೆಯ ಕೆಲವು ಕಟ್ಟೆಗಳ ಮೇಲೆ ಸಿಗುತ್ತದೆ.

ಇದು ಹಳೇ ಕಾಲದ ಮೌಢ್ಯ ಎಂದುಕೊಂಡಿರಾ? 2015ರ ವಿಶ್ವಕಪ್ ಸೆಮಿಫೈನಲ್‌ನಲ್ಲಿ ಸಿಡ್ನಿಯಲ್ಲಿ ಕೊಹ್ಲಿ ಒಂದು ರನ್ನಿಗೆ ಔಟಾದರು. ಬೌಲರ್ ಮಿಚೆಲ್ ಜಾನ್ಸನ್. ನಮ್ಮ ಅಭಿಮಾನಿ ನ್ಯಾಯಾಲಯ ತಪ್ಪಿತಸ್ಥರೆಂದು ತೀರ್ಮಾನಿಸಿದ್ದು ಗ್ಯಾಲರಿಯಲ್ಲಿ ಕೂತಿದ್ದ ಅನುಷ್ಕಾ ಶರ್ಮಾರನ್ನು. ಗೋಹರ್‌ಬಾಯಿಯಿಂದ ಅನುಷ್ಕಾವರೆಗೆ ತಂತ್ರಜ್ಞಾನ ಎಷ್ಟು ಮುಂದುವರಿದಿದೆ ನೋಡಿ: ಕಟ್ಟೆಯ ಮೇಲೆ ವರ್ಷಗಟ್ಟಲೆ ಹಿಡಿಯುತ್ತಿದ್ದ ಕೆಲಸ ಈಗ ಮೊಬೈಲಿನಲ್ಲಿ ಹತ್ತು ನಿಮಿಷಕ್ಕೆ ಮುಗಿಯುತ್ತದೆ.

ಪುಣೆಯ ದೇವರಿಗೆ ಇನ್ನೊಂದು ತಾಪತ್ರಯ. ಇಲ್ಲಿ ಗುಡಿಯೇ ನಿಲ್ಲುವುದಿಲ್ಲ. ಗಂಧರ್ವ ನಾಟಕ ಮಂಡಳಿ 1913ರಲ್ಲಿ ಕಿರ್ಲೋಸ್ಕರ ಮಂಡಳಿಯಿಂದ ಒಡೆದು ಹುಟ್ಟಿತು, ಅತ್ತರು ಜರತಾರಿಗಳಲ್ಲಿ ಮೆರೆಯಿತು, ಸಾಲದಲ್ಲಿ ಕರಗಿತು. ಐಪಿಎಲ್‌ನ ಪುಣೆ ವಾರಿಯರ್ಸ್ ಮೂರು ಸೀಸನ್ ಬದುಕಿತು. ಅದರ ಸ್ಮಾರಕ ಇರುವುದು ಬೆಂಗಳೂರಿನಲ್ಲಿ: 2013ರ ಏಪ್ರಿಲ್ 23ರಂದು ಚಿನ್ನಸ್ವಾಮಿ ಮೈದಾನದಲ್ಲಿ ಕ್ರಿಸ್ ಗೇಲ್ 66 ಚೆಂಡಿಗೆ ಅಜೇಯ 175 ಹೊಡೆದದ್ದು ಇದೇ ವಾರಿಯರ್ಸ್ ಮೇಲೆ. ಆ ರಾತ್ರಿ ನಮ್ಮ ಹೌಸಿಂಗ್ ಸೊಸೈಟಿಯಲ್ಲಿ ನಾನೊಬ್ಬನೇ ನಗುತ್ತಿದ್ದೆ, ಬಾಗಿಲು ಹಾಕಿಕೊಂಡು.

ಆಮೇಲೆ ಬಂತು ರೈಸಿಂಗ್ ಪುಣೆ ಸೂಪರ್‌ಜೈಂಟ್ಸ್. ಎರಡೇ ವರ್ಷದ ಆಯಸ್ಸು ಎಂದು ಹುಟ್ಟುವಾಗಲೇ ಬರೆದಿತ್ತು. ಅಭಿಮಾನಿಗಳು ಟೀ ಶರ್ಟು ಕೊಂಡೇ ಕೊಂಡರು. ಎರಡನೇ ವರ್ಷಕ್ಕೆ ಮಾಲೀಕರು ಧೋನಿಯನ್ನು ನಾಯಕತ್ವದಿಂದ ಇಳಿಸಿದರು, ಹೆಸರಿನ ಕೊನೆಯ ‘ಸ್’ ಅನ್ನೂ ಕಿತ್ತರು. 2017ರ ಫೈನಲ್‌ನಲ್ಲಿ ಮುಂಬೈ 129, ಪುಣೆ 128. ಒಂದೇ ಒಂದು ರನ್ನು. ಆ ‘ಸ್’ ಇದ್ದಿದ್ದರೆ ಸಮವಾದರೂ ಆಗುತ್ತಿತ್ತು ಎಂದು ನಾನು ಇವತ್ತಿಗೂ ವಾದಿಸಬಲ್ಲೆ.

ಮರುವರ್ಷ ಇನ್ನೂ ಸೊಗಸು. ಕಾವೇರಿ ಗಲಾಟೆಯಿಂದ ಚೆನ್ನೈನಲ್ಲಿ ಆಡಲಾಗದೆ ಸೂಪರ್ ಕಿಂಗ್ಸ್ ತವರು ಪಂದ್ಯಗಳು ಪುಣೆಗೆ ಬಂದವು. ಸಿಳ್ಳೆ ಹಾಕಲು ಚೆನ್ನೈನಿಂದ ಒಂದು ರೈಲು ತುಂಬ ಅಭಿಮಾನಿಗಳು ಬಂದರು. ಪುಣೆ ಇಳಿಸಿ ಕಳಿಸಿದ್ದ ಧೋನಿ ಹಳದಿ ಅಂಗಿಯಲ್ಲಿ ಬಂದಾಗ ಅದೇ ಪುಣೆ ಮೈಗೆಲ್ಲ ಅರಿಸಿನ ಬಳಿದುಕೊಂಡು ಕುಣಿಯಿತು. ಒಂದು ನದಿಯ ನೀರಿನ ಜಗಳಕ್ಕೆ ಊರು ಬಿಟ್ಟು ಬಂದ ಪಂದ್ಯ ಇಲ್ಲಿ ಇನ್ನೊಂದು ನದಿಯ ನೀರಿಗೆ ಸಿಕ್ಕಿಕೊಂಡಿತು: ಪಿಚ್ಚಿಗೆ ಪವನಾ ನದಿಯ ನೀರು ಬಳಸಕೂಡದೆಂದು ಬಾಂಬೆ ಹೈಕೋರ್ಟ್ ತಡೆಯೊಡ್ಡಿತು. ಮೇ 5ಕ್ಕೆ ಚೆನ್ನೈ ಮತ್ತು ಆರ್‌ಸಿಬಿ ಗಹುಂಜೆಯಲ್ಲೇ ಎದುರಾದವು. ಕಾವೇರಿಯ ಎರಡೂ ದಂಡೆಯವರು ಪವನೆಯ ಪಕ್ಕ ಕೂತು ಒಬ್ಬರನ್ನೊಬ್ಬರು ಬೈದುಕೊಂಡೆವು. ಸೋತವರು ನಾವು, ಅದನ್ನು ಬೇರೆ ಹೇಳಬೇಕೆ?

ಇಷ್ಟೆಲ್ಲ ಪೂಜೆಗೊಂಡ ದೇವರಿಗೆ ಸಿಗುವುದೇನು? ನೈವೇದ್ಯದ ಪದ್ಧತಿ ಎಲ್ಲರಿಗೂ ಗೊತ್ತು: ತಟ್ಟೆಯನ್ನು ದೇವರ ಮುಂದೆ ಹಿಡಿದು, ಪರದೆ ಎಳೆದು, ಗಂಟೆ ಬಾರಿಸಿ, ಒಳಗೆ ಒಯ್ದು ಉಣ್ಣುವವರು ಬೇರೆಯವರು. ಕ್ರಿಕೆಟ್ ಮಂಡಳಿಯವರು, ಫ್ರಾಂಚೈಸಿಯವರು, ನಿರ್ಮಾಪಕರು ಎಲ್ಲರೂ ಮೈಕು ಸಿಕ್ಕಾಗ “ನೀವಿಲ್ಲದೆ ನಾವಿಲ್ಲ” ಎಂದು ಗಂಟೆ ಬಾರಿಸುತ್ತಾರೆ. ನಾಟಕದ ವಿರಾಮದಲ್ಲಿ ನಮ್ಮ ಪಾಲಿಗೆ ಬರುವ ಪ್ರಸಾದ ಒಂದು ಬಟಾಟೆ ವಡಾ, ಅದೂ ಸಾಲಿನಲ್ಲಿ ನಿಂತು, ಚಿಲ್ಲರೆ ಕೊಟ್ಟು. ಮೈದಾನದಲ್ಲಿ ಅದೂ ಖಾತ್ರಿಯಿಲ್ಲ. 2024ರ ಅಕ್ಟೋಬರ್ 24ರಂದು ನ್ಯೂಜಿಲೆಂಡ್ ವಿರುದ್ಧದ ಟೆಸ್ಟಿನ ಮೊದಲ ದಿನ, ಗಹುಂಜೆಯ ಬಿಸಿಲಿನಲ್ಲಿ ಕೂತವರಿಗೆ ಕುಡಿಯುವ ನೀರೇ ಇರಲಿಲ್ಲ. ದೇವರುಗಳು ಘೋಷಣೆ ಕೂಗಿದರು, ಕ್ರಿಕೆಟ್ ಸಂಸ್ಥೆ ಕ್ಷಮೆ ಕೇಳಿತು. ಮೂರನೇ ದಿನಕ್ಕೆ ಪಂದ್ಯ ಮುಗಿಯಿತು. ಹನ್ನೆರಡು ವರ್ಷಗಳಲ್ಲಿ ಮೊದಲ ಸಲ ಭಾರತ ತವರಿನಲ್ಲಿ ಸರಣಿ ಸೋತಿತು. ನೀರಿಲ್ಲದೆ ಕೂತು ಸೋಲು ನೋಡಿದವರು ಮುಂದಿನ ಪಂದ್ಯದ ಟಿಕೆಟ್ ಯಾವಾಗ ಬಿಡುತ್ತಾರೆ ಎಂದು ವಿಚಾರಿಸುತ್ತ ಮನೆಗೆ ಹೋದರು.

ಇನ್ನು, ನಗಲಾಗದ ಮಾತೊಂದಿದೆ. ಹದಿನೆಂಟನೇ ಸೀಸನ್‌ವರೆಗೆ ಕಾದು 2025ರ ಜೂನ್ 3ರಂದು ಆರ್‌ಸಿಬಿ ಕಪ್ ಗೆದ್ದಿತು. ಮರುದಿನ ಚಿನ್ನಸ್ವಾಮಿ ಮೈದಾನದ ಗೇಟುಗಳ ಹೊರಗೆ ಕಾಲ್ತುಳಿತದಲ್ಲಿ ಹನ್ನೊಂದು ಮಂದಿ ಸತ್ತರು. ಆಟಗಾರನ ಮನೆಯ ಸಾವನ್ನು ನಿಷ್ಠೆಯ ಕಥೆ ಮಾಡಿಕೊಂಡವರು ನಾವು. ಅಂದು ಸತ್ತವರು ನಮ್ಮವರೇ, ಅಂಗಿ ಹಾಕಿಕೊಂಡು ಬಂದ ಹುಡುಗ ಹುಡುಗಿಯರು. ಅವರ ಸಾವನ್ನು ಯಾವ ಕಥೆಯೂ ಮಾಡಿಕೊಳ್ಳದೆ, ಅದು ಯಾರ ಹೊಣೆ ಎಂದು ಒಬ್ಬರ ಕಡೆ ಒಬ್ಬರು ಬೆರಳು ತೋರಿಸಿದ್ದೇ ಹೆಚ್ಚು. ದೇವರೆಂದು ಕರೆಯುವುದರ ಅನುಕೂಲ ಇದೇ ಇರಬೇಕು. ಗಿರಾಕಿ ಎಂದರೆ ರಸೀದಿ ಕೇಳುತ್ತಾನೆ, ನಾಗರಿಕ ಎಂದರೆ ಲೆಕ್ಕ ಕೇಳುತ್ತಾನೆ. ದೇವರು ಏನನ್ನೂ ಕೇಳುವಂತಿಲ್ಲ.

ಪುಣೆಯ ಆಟದ ಚರಿತ್ರೆಯಲ್ಲಿ ನಡುವೆಯೇ ಎದ್ದು ಹೋದ ಒಬ್ಬನೇ ಒಬ್ಬ ಮಹಾನುಭಾವ ನನಗೆ ನೆನಪಾಗುತ್ತಾನೆ. 1948ರ ಡಿಸೆಂಬರ್. ಮಹಾರಾಷ್ಟ್ರದ ಬಿ. ಬಿ. ನಿಂಬಾಳಕರ ಪುಣೆಯಲ್ಲಿ ಕಾಠಿಯಾವಾಡದ ವಿರುದ್ಧ 443 ಹೊಡೆದು ಅಜೇಯರಾಗಿದ್ದರು. ಬ್ರಾಡ್ಮನ್‌ರ ಆಗಿನ ವಿಶ್ವದಾಖಲೆ 452. ವಿರಾಮದಲ್ಲಿ ಎದುರಾಳಿ ನಾಯಕ, ರಾಜಕೋಟದ ಠಾಕೂರ್ ಸಾಹೇಬರು, ಇನ್ನು ಸಾಕು ಎಂದು ಪಂದ್ಯ ಬಿಟ್ಟುಕೊಟ್ಟು ತಂಡದೊಂದಿಗೆ ಹೊರಟೇಬಿಟ್ಟರು. ನಿಂಬಾಳಕರರಿಗೆ ಆ ದಾಖಲೆ ದಕ್ಕಲಿಲ್ಲ, ಟೆಸ್ಟ್ ಆಡುವ ಅವಕಾಶವಂತೂ ಜೀವಮಾನದಲ್ಲೇ ಸಿಗಲಿಲ್ಲ. ಎಲ್ಲರೂ ಠಾಕೂರರನ್ನು ಹೇಡಿ ಎಂದು ಬೈಯುತ್ತಾರೆ. ನಾನೂ ಬೈಯುತ್ತಿದ್ದೆ. ಈಗೀಗ ಸ್ವಲ್ಪ ಹೊಟ್ಟೆಕಿಚ್ಚು. ನಿಂಬಾಳಕರರಿಗೆ ಮಾಡಿದ್ದು ಅನ್ಯಾಯವೇ, ಆದರೆ “ಸಾಕು” ಎಂದು ಎದ್ದು ಹೋಗುವುದಕ್ಕೂ ಒಂದು ಎದೆ ಬೇಕು. ಅದು ನಮಗಿಲ್ಲ. ನಾವು ಹಸಿವಿಗೆ ಏಳುವುದಿಲ್ಲ, ಬಾಯಾರಿಕೆಗೆ ಏಳುವುದಿಲ್ಲ, ಸೋಲಿಗಂತೂ ಏಳುವುದೇ ಇಲ್ಲ. ಅಪ್ಪಿತಪ್ಪಿ ಎದ್ದರೂ, ಹೊರಗೆ ಹೋದವರಿಗೆ ಮರುಪ್ರವೇಶವಿಲ್ಲ ಎಂದು ಟಿಕೆಟ್ಟಿನ ಹಿಂದೆ ಸಣ್ಣ ಅಕ್ಷರದಲ್ಲಿ ಅಚ್ಚು ಹಾಕಿರುತ್ತಾರೆ. ದೇವರ ಹೆದರಿಕೆ ಏನೆಂಬುದು ಪೂಜಾರಿಗೆ ಚೆನ್ನಾಗಿ ಗೊತ್ತು.